ಮೊದಲ ವಾರ ಎಲ್ಲರೂ ಬರುತ್ತಾರೆ, ಆರನೇ ತಿಂಗಳಲ್ಲಿ ಯಾರಿರುತ್ತಾರೆ?

ಎಂಟನೇ ಕ್ಲಾಸಿನ ಟೀಚರ್:

ಶಾಲೆಯ ಬಸ್ಸು ಅಪಘಾತವಾಗಿ ನಮ್ಮ ಇಬ್ಬರು ಮಕ್ಕಳು ತೀರಿಕೊಂಡರು. ಒಬ್ಬಳು ನನ್ನ ಕ್ಲಾಸಿನವಳು. ಬಸ್ಸಿನಲ್ಲಿದ್ದ ಉಳಿದವರಿಗೆ ಗಾಯವಾಗಿತ್ತು, ಈಗ ಎಲ್ಲರೂ ಶಾಲೆಗೆ ಬರುತ್ತಿದ್ದಾರೆ. ಮೊದಲ ವಾರ ಶಾಲೆ ತುಂಬ ಜನ. ಕೌನ್ಸೆಲರ್‌ಗಳು ಬಂದರು, ಅಧಿಕಾರಿಗಳು ಬಂದರು, ಹಳೆ ವಿದ್ಯಾರ್ಥಿಗಳು ಬಂದರು, ಮಕ್ಕಳನ್ನು ಗುಂಪಾಗಿ ಕೂರಿಸಿ ಮಾತಾಡಿಸಿದರು. ಎರಡನೇ ವಾರಕ್ಕೆ ಎಲ್ಲ ಖಾಲಿ.

ಈಗ ಐದಾರು ತಿಂಗಳಾಯಿತು. ತೊಂದರೆ ಹೊರಗೆ ಬರುತ್ತಿರುವುದು ಈಗ. ಚೆನ್ನಾಗಿ ಓದುತ್ತಿದ್ದ ಹುಡುಗ ಖಾಲಿ ಪೇಪರ್ ಕೊಡುತ್ತಾನೆ. ಒಬ್ಬಳು ದಿನಾ ಎರಡನೇ ಪೀರಿಯಡ್ಡಿಗೆ ಹೊಟ್ಟೆನೋವು ಅಂತ ಬಂದು ನಿಲ್ಲುತ್ತಾಳೆ, ಡಾಕ್ಟರ್ ನೋಡಿ ಏನೂ ಇಲ್ಲ ಅಂದಿದ್ದಾರೆ. ಸಣ್ಣ ಮಾತಿಗೂ ಹೊಡೆದಾಟ. ಹೊರಗೆ ಯಾವುದಾದರೂ ಗಾಡಿ ಜೋರಾಗಿ ಬ್ರೇಕ್ ಹಾಕಿದರೆ ಇಡೀ ಕ್ಲಾಸು ಒಮ್ಮೆಲೇ ಕಿಟಕಿ ಕಡೆ ತಿರುಗುತ್ತದೆ, ಆಮೇಲೆ ನಾನು ಏನು ಹೇಳಿದರೂ ಯಾರ ತಲೆಗೂ ಹೋಗುವುದಿಲ್ಲ. ಮ್ಯಾನೇಜ್‌ಮೆಂಟಿನವರನ್ನು ಕೇಳಿದರೆ, ಕೌನ್ಸೆಲಿಂಗ್ ಆಗಿದೆಯಲ್ಲ, ಮತ್ತೆ ಯಾಕೆ ಕೆದಕುತ್ತೀರಿ, ಪರೀಕ್ಷೆ ಹತ್ತಿರ ಬಂತು ಅನ್ನುತ್ತಾರೆ. ಮುಂದಿನ ವಾರ ಸ್ಟಾಫ್ ಮೀಟಿಂಗ್ ಇದೆ. ಅಲ್ಲಿ ನಾನು ಏನು ಕೇಳಬೇಕು? ಇಂಥದ್ದನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಶಾಲಾ ಕೌನ್ಸೆಲರ್:

ಮೇಡಂ, ನಿಮ್ಮ ಶಾಲೆಯಲ್ಲಿ ಮಾತ್ರ ಹೀಗಾಗಿದೆ ಅಂದುಕೊಳ್ಳಬೇಡಿ. ನೆರವು ಬರುವುದು ಸುದ್ದಿ ಬಿಸಿ ಇರುವಾಗ, ಮಕ್ಕಳಿಗೆ ಅದು ಬೇಕಾಗುವುದು ಸುದ್ದಿ ಆರಿದ ಮೇಲೆ. ನನ್ನ ಕೆಲಸದಲ್ಲಿ ಪದೇ ಪದೇ ಕಂಡಿದ್ದು ಇದೇ, ಇದಕ್ಕೇ ನನಗೆ ಸಂಕಟವಾಗುವುದು.

ಮೊದಲು ಧೈರ್ಯ ಕೊಡುವ ಮಾತು ಹೇಳುತ್ತೇನೆ. ದೊಡ್ಡ ಆಘಾತ ಕಂಡ ಮಕ್ಕಳಲ್ಲಿ ಹೆಚ್ಚಿನವರು ಮನೆ, ಗೆಳೆಯರು, ಶಾಲೆ ಇಷ್ಟರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2014ರಲ್ಲಿ ಬಂತು. ಅದರ ಪ್ರಕಾರ ಆಘಾತಕ್ಕೆ ಸಿಕ್ಕ ಮಕ್ಕಳಲ್ಲಿ ಸುಮಾರು ಶೇ 16ರಷ್ಟು ಮಂದಿಗೆ, ಆಘಾತದ ನೆನಪು ಮತ್ತು ಭಯ ಬಿಡದೆ ಕಾಡುವ ಪಿಟಿಎಸ್‌ಡಿ ಅನ್ನುವ ಮಾನಸಿಕ ಕಾಯಿಲೆ ಆಗಿತ್ತು. ಅಂದರೆ ಆರರಲ್ಲಿ ಒಂದು ಮಗು. ಉಳಿದ ಐವರಿಗೆ ನೋವಿಲ್ಲ ಅಂತಲ್ಲ, ಅವರಿಗೆ ಈ ಕಾಯಿಲೆ ಇಲ್ಲ ಅಷ್ಟೆ. ಆದರೆ ಆ ಒಂದು ಮಗು ಯಾವುದು ಅಂತ ಮೊದಲ ವಾರ ಬಂದು ಹೋದ ತಂಡಕ್ಕೆ ಗೊತ್ತಾಗುವುದು ಹೇಗೆ? ಮೊದಲ ವಾರ ಎಲ್ಲರೂ ಅಳುತ್ತಾರೆ, ಎಲ್ಲರಿಗೂ ನಿದ್ದೆ ಕೆಡುತ್ತದೆ. ಲಕ್ಷಣಗಳು ಒಂದು ತಿಂಗಳಿಗಿಂತ ಜಾಸ್ತಿ ಉಳಿದರೆ ಮಾತ್ರ ಪಿಟಿಎಸ್‌ಡಿ ಅನ್ನುವುದು. ಯಾರದ್ದು ತಾನಾಗಿ ಇಳಿಯಿತು, ಯಾರದ್ದು ಇಳಿಯಲಿಲ್ಲ ಅಂತ ನೋಡುವ ಹೊತ್ತಿಗೆ ಶಾಲೆಯಲ್ಲಿ ಯಾರೂ ಇರುವುದಿಲ್ಲ.

ಗುಂಪಾಗಿ ಕೂರಿಸಿ ಮಾತಾಡಿಸಿದರು ಅಂದಿರಲ್ಲ, ಅದರ ಬಗ್ಗೆಯೂ ಹೇಳಬೇಕು. ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ, ಏನು ಕಂಡೆ, ಆಗ ಏನನ್ನಿಸಿತು ಅಂತ ಒಂದೇ ಸಲಕ್ಕೆ ಹೇಳಿಸುವುದಕ್ಕೆ ಡಿಬ್ರೀಫಿಂಗ್ ಅನ್ನುತ್ತಾರೆ. 1980ರ ದಶಕದಲ್ಲಿ ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗಾಗಿ ಶುರುವಾಗಿದ್ದು, ಆಮೇಲೆ ಸಿಕ್ಕ ಸಿಕ್ಕ ಕಡೆಯೆಲ್ಲ ಹಬ್ಬಿತು. ಪರೀಕ್ಷಿಸಿ ನೋಡಿದಾಗ ಅದರಿಂದ ಪಿಟಿಎಸ್‌ಡಿ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ, ಕೆಲವರಿಗೆ ತೊಂದರೆ ಹೆಚ್ಚಾದ ಸೂಚನೆಯೂ ಇತ್ತು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2005ರಲ್ಲೇ ಇದನ್ನು ಮಾಮೂಲಿಯಾಗಿ ಮಾಡಬೇಡಿ ಅಂತ ಹೇಳಿದೆ. ಮೊದಲ ದಿನಗಳಿಗೆ ಈಗ ಹೇಳುವುದು ಮಾನಸಿಕ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ 2011ರಲ್ಲಿ ಬಂತು. ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ, ಇಷ್ಟೇ ಅದರ ತಿರುಳು. ಮಗು ಮಾತಾಡಿದರೆ ಕೇಳಿಸಿಕೊಳ್ಳುವುದು, ಸುಮ್ಮನಿದ್ದರೆ ಪಕ್ಕದಲ್ಲಿ ಕೂರುವುದು. ಬಾಯಿ ಬಿಡಿಸುವುದಲ್ಲ. ಇದಕ್ಕೆ ಕೌನ್ಸೆಲರೇ ಬೇಕಂತಿಲ್ಲ, ತರಬೇತಿ ಕೊಟ್ಟರೆ ಪಿಟಿ ಮೇಷ್ಟ್ರೂ ಮಾಡಬಹುದು, ಆಫೀಸಿನ ಕ್ಲರ್ಕೂ ಮಾಡಬಹುದು.

ಒಬ್ಬ ತಾಯಿ:

ಬಾಯಿ ಬಿಡಿಸುವುದಲ್ಲ ಅಂದಿರಿ, ಅದನ್ನು ಓದಿ ಕಣ್ಣು ತುಂಬಿತು. ನನ್ನ ಮಗ ಇನ್ನೊಂದು ಶಾಲೆಯವನು, ಅಲ್ಲಿ ಬೆಂಕಿ ಅನಾಹುತವಾಗಿತ್ತು. ಕ್ಲಾಸು ನಡೆಯುವಾಗ ಬಾಗಿಲಲ್ಲಿ ಬಂದು ಅವನ ಹೆಸರು ಕರೆದು ಕೌನ್ಸೆಲಿಂಗಿಗೆ ಕರೆದುಕೊಂಡು ಹೋಗುತ್ತಿದ್ದರು. ಎಲ್ಲರೂ ತಿರುಗಿ ನೋಡುತ್ತಿದ್ದರಂತೆ. ಮನೆಗೆ ಬಂದು, ಅಮ್ಮಾ ನನಗೆ ತಲೆ ಕೆಟ್ಟಿದೆ ಅಂತ ಅವರೆಲ್ಲ ಅಂದುಕೊಂಡಿದ್ದಾರೆ, ನಾನು ಶಾಲೆಗೆ ಹೋಗಲ್ಲ ಅಂದ. ಬೆಂಕಿಗಿಂತ ಇದೇ ಅವನಿಗೆ ಜಾಸ್ತಿ ನಾಚಿಕೆಯಾಗಿತ್ತು.

ಕೊನೆಗೆ ಅವನು ಮಾತಾಡಿದ್ದು ಡ್ರಾಯಿಂಗ್ ಮೇಷ್ಟ್ರ ಹತ್ತಿರ. ಅವರು ಏನೂ ಕೇಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ಬ್ರಷ್ ತೊಳೆಯುವುದಕ್ಕೆ ಇವನನ್ನು ನಿಲ್ಲಿಸಿಕೊಳ್ಳುತ್ತಿದ್ದರು ಅಷ್ಟೆ. ಒಂದು ದಿನ ತೊಳೆಯುತ್ತಾ ತೊಳೆಯುತ್ತಾ ಇವನೇ ಶುರು ಮಾಡಿದನಂತೆ, ಹೊಗೆಯಲ್ಲಿ ನಾನು ಅವನ ಕೈ ಬಿಟ್ಟೆ ಸರ್ ಅಂತ. ಅಷ್ಟು ದಿನ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ತಾವೇ ವೈದ್ಯರ ಕೆಲಸಕ್ಕೆ ಇಳಿಯಲಿಲ್ಲ. ಅವನನ್ನು ಕೇಳಿಯೇ ನಮಗೆ ಫೋನ್ ಮಾಡಿದರು, ನಾವು ತಜ್ಞರ ಹತ್ತಿರ ಕರೆದುಕೊಂಡು ಹೋದೆವು. ಈಗ ಪರವಾಗಿಲ್ಲ.

ಶಾಲಾ ಕೌನ್ಸೆಲರ್:

ಅಮ್ಮಾ, ನೀವು ಬರೆದಿದ್ದು ತುಂಬ ಮುಖ್ಯ. ನಾನು ಅವನ ಕೈ ಬಿಟ್ಟೆ, ನಾನು ಸೀಟು ಬದಲಾಯಿಸಿದ್ದಕ್ಕೆ ಅವಳು ಹೋದಳು, ನಾನು ಅವತ್ತು ಅವನ ಜೊತೆ ಜಗಳ ಆಡಿದ್ದೆ. ಮಕ್ಕಳ ಒಳಗೆ ಇಂಥ ಮಾತು ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಮೇಡಂ, ನಿಮ್ಮ ಖಾಲಿ ಪೇಪರ್ ಕೊಡುವ ಹುಡುಗ ಬಸ್ಸಿನಲ್ಲಿದ್ದನಾ? ಇರಲಿಲ್ಲ ಅಂದರೂ ಅವನನ್ನು ಬಿಡಬೇಡಿ. ಅವತ್ತು ರಜೆ ಹಾಕಿದ್ದ ಮಗುವೂ ಕೆಲವು ಸಲ ಗಾಯವಾದ ಮಗುವಿನಷ್ಟೇ ನರಳುತ್ತದೆ.

ನಿವೃತ್ತ ಎಚ್‌ಎಂ:

ಮನಸ್ಸಿನ ವಿಷಯ ಕೌನ್ಸೆಲರ್ ಮೇಡಂ ಹೇಳುತ್ತಿದ್ದಾರೆ. ನಾನು ಆಫೀಸಿನ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಸಲ ನೋವು ಕೊಡುವುದು ಆಫೀಸಿನ ಸಣ್ಣ ಸಣ್ಣ ಕೆಲಸಗಳೇ.

ಹಾಜರಿ ಪುಸ್ತಕವನ್ನೇ ತೆಗೆದುಕೊಳ್ಳಿ. ಕ್ಲಾಸ್ ಟೀಚರಿಗೆ ಗೊತ್ತಿರುತ್ತದೆ, ಆ ಹೆಸರು ಬಿಟ್ಟು ಓದುತ್ತಾರೆ. ಅವರು ರಜೆ ಹಾಕಿದ ದಿನ ಬೇರೆ ಯಾರೋ ಬಂದು ಆ ಹೆಸರನ್ನು ಕರೆದುಬಿಡುತ್ತಾರೆ. ಇಡೀ ಕ್ಲಾಸು ಉಸಿರು ಹಿಡಿದುಕೊಳ್ಳುತ್ತದೆ. ಇನ್ನೂ ಕೆಟ್ಟದ್ದು ಕಂಪ್ಯೂಟರಿನ ಹಾಜರಿ. ಅದರಲ್ಲಿ ಹೆಸರು ತೆಗೆಯದೆ ಇದ್ದರೆ ತೀರಿಕೊಂಡ ಮಗುವಿನ ಮನೆಗೆ, ನಿಮ್ಮ ಮಗು ಇಂದು ಶಾಲೆಗೆ ಗೈರು ಅಂತ ತಾನಾಗಿ ಮೆಸೇಜ್ ಹೋಗುತ್ತದೆ. ಫೀಸ್ ಬಾಕಿ ಅಂತ ಹೋಗುತ್ತದೆ. ಹುಟ್ಟುಹಬ್ಬದ ಶುಭಾಶಯ ಅಂತ ಹೋಗುತ್ತದೆ. ಇದೆಲ್ಲ ಒಬ್ಬರ ಹೆಸರಿಗೆ ಜವಾಬ್ದಾರಿ ಹಚ್ಚಿ ಅವತ್ತೇ ಮುಗಿಸಬೇಕಾದ ಕೆಲಸ. ಹಾಜರಿ, ಫೀಸು, ಲೈಬ್ರರಿ, ಬಸ್ ಪಟ್ಟಿ, ಗ್ರೂಪ್ ಫೋಟೊ, ಐಡಿ ಕಾರ್ಡ್, ಪರೀಕ್ಷೆಯ ನಂಬರು. ಪರೀಕ್ಷಾ ಹಾಲಿನಲ್ಲಿ ಆ ನಂಬರಿನ ಡೆಸ್ಕು ಖಾಲಿ ಬಿಟ್ಟಿದ್ದನ್ನು ಕಂಡು ಹಿಂದಿನ ಡೆಸ್ಕಿನ ಮಗು ಬರೆಯಲಾಗದೆ ಎದ್ದು ಹೋಗಿದ್ದನ್ನು ನೋಡಿದ್ದೇನೆ.

ಕ್ಲಾಸಿನ ಬೆಂಚು ಬೇರೆ ವಿಷಯ. ಅದನ್ನು ರಾತ್ರೋರಾತ್ರಿ ಎತ್ತಿಸಬೇಡಿ. ಬೆಳಿಗ್ಗೆ ಬಂದಾಗ ಅದು ಇಲ್ಲ ಅಂದರೆ ಮಕ್ಕಳಿಗೆ ಎರಡನೇ ಸಲ ಕಳೆದುಕೊಂಡ ಹಾಗಾಗುತ್ತದೆ. ಕೆಲವು ದಿನ ಹಾಗೇ ಇರಲಿ, ಹೂವು ಇಡುತ್ತಾರಾ, ಚೀಟಿ ಬರೆದಿಡುತ್ತಾರಾ, ಇಡಲಿ. ಆಮೇಲೆ ಮಕ್ಕಳಿಗೆ ಮೊದಲೇ ಹೇಳಿ ಇಡೀ ಕ್ಲಾಸಿನ ಜಾಗ ಬದಲಾಯಿಸಿ, ಆಗ ಯಾವ ಜಾಗವೂ ಅವಳ ಜಾಗ ಅಂತ ಉಳಿಯುವುದಿಲ್ಲ. ಚೀಟಿಗಳನ್ನು ಬಿಸಾಡಬೇಡಿ, ಒಮ್ಮೆ ಓದಿ ನೋಡಿ, ಸಹಾಯ ಬೇಕಾದ ಮಗುವಿನ ಸುಳಿವು ಅದರಲ್ಲೂ ಸಿಗುತ್ತದೆ. ಮನೆಯವರಿಗೆ ಬೇಕಾದರೆ ಅವರಿಗೆ ಕೊಡಿ. ಬ್ಯಾಗು, ನೋಟ್‌ಬುಕ್ಕುಗಳನ್ನು ಮಾತ್ರ ಯಾರ ಕೈಯಲ್ಲೋ ಕಳಿಸಬೇಡಿ, ಎಚ್‌ಎಂ ಖುದ್ದಾಗಿ ಹೋಗಿ ಕೊಡಬೇಕು.

ನೆನಪಿಗೆ ಏನಾದರೂ ಕಟ್ಟಿಸುವುದಾದರೆ ಆತುರ ಬೇಡ. ಗೇಟಿನ ಎದುರೇ ದೊಡ್ಡ ಫೋಟೊ ಹಾಕಿದರೆ ಬಸ್ಸಿನಲ್ಲಿದ್ದ ಮಕ್ಕಳು ದಿನಾ ಅದನ್ನು ದಾಟಿಕೊಂಡೇ ಒಳಗೆ ಬರಬೇಕು. ನೋಡಬೇಕು ಅನ್ನಿಸಿದವರು ಹೋಗಿ ನೋಡುವಂಥ ಜಾಗದಲ್ಲಿರಲಿ.

ಇಬ್ಬರು ಮಕ್ಕಳ ಅಪ್ಪ:

ಎಲ್ಲರ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಇಷ್ಟೆಲ್ಲ ಬೇಕಾ? ನಾವು ಚಿಕ್ಕವರಿದ್ದಾಗಲೂ ಕ್ಲಾಸಿನಲ್ಲಿ ಸಾವುಗಳಾಗಿವೆ. ಒಂದು ದಿನ ರಜೆ, ಒಂದು ನಿಮಿಷ ಮೌನ, ಮಾರನೇ ದಿನ ಪಾಠ. ಮಕ್ಕಳು ಬೇಗ ಮರೆಯುತ್ತಾರೆ. ದೊಡ್ಡವರು ಮತ್ತೆ ಮತ್ತೆ ನೆನಪಿಸಿದರೆ ತಾನೇ ಅದು ಉಳಿಯುವುದು? ನನ್ನ ಮಗಳ ಶಾಲೆಯಲ್ಲೂ ಒಂದು ಘಟನೆಯಾಗಿದೆ. ಅವಳು ಆಟ ಆಡಿಕೊಂಡು ಚೆನ್ನಾಗಿದ್ದಾಳೆ. ಅವಳನ್ನು ಕೂರಿಸಿ ಇದನ್ನೆಲ್ಲ ಕೇಳುವುದು ನನಗೆ ಇಷ್ಟವಿಲ್ಲ.

ಇತಿಹಾಸದ ಮೇಷ್ಟ್ರು:

ಸರ್, ನಿಮ್ಮ ಮಗಳನ್ನು ಕೂರಿಸಿ ಕೇಳುವುದು ಬೇಡ ಅನ್ನುವುದನ್ನು ಒಪ್ಪುತ್ತೇನೆ, ಮೇಲೆ ಕೌನ್ಸೆಲರ್ ಮೇಡಂ ಹೇಳಿದ್ದೂ ಅದೇ ಅಲ್ವಾ. ಮಕ್ಕಳು ಮರೆಯುತ್ತಾರೆ ಅನ್ನುವುದನ್ನು ಮಾತ್ರ ಒಪ್ಪಲಾರೆ.

ವೇಲ್ಸಿನ ಅಬರ್‌ಫಾನ್ ಅನ್ನುವ ಗಣಿ ಹಳ್ಳಿಯಲ್ಲಿ 1966ರ ಅಕ್ಟೋಬರ್ 21ರ ಬೆಳಿಗ್ಗೆ, ಗುಡ್ಡದ ಮೇಲೆ ರಾಶಿ ಹಾಕಿದ್ದ ಕಲ್ಲಿದ್ದಲು ಗಣಿಯ ತ್ಯಾಜ್ಯ ಕುಸಿದು ಪ್ರಾಥಮಿಕ ಶಾಲೆಯ ಮೇಲೆ ಬಂತು. 144 ಜನ ಸತ್ತರು, ಅದರಲ್ಲಿ 116 ಮಕ್ಕಳು. ಬದುಕಿದ ಮಕ್ಕಳು ಓದಿದರು, ಕೆಲಸಕ್ಕೆ ಸೇರಿದರು, ಸಂಸಾರ ಮಾಡಿದರು. ನೋಡಿದವರು ಎಲ್ಲ ಸರಿಹೋಯಿತು ಅನ್ನಬಹುದಿತ್ತು. 33 ವರ್ಷದ ಮೇಲೆ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನಕ್ಕೆ ಯಾವುದೋ ಒಂದು ಕಾಲದಲ್ಲಿ ಪಿಟಿಎಸ್‌ಡಿ ಬಂದಿತ್ತು, ಶೇ 29ರಷ್ಟು ಜನಕ್ಕೆ ಆಗಲೂ ಇತ್ತು. ಆಗ ನಲವತ್ತರ ಆಸುಪಾಸಿನವರು ಅವರು. ಈ ಫಲಿತಾಂಶ ಪ್ರಕಟವಾಗಿದ್ದು 2003ರಲ್ಲಿ. ಅವರು ಚಿಕ್ಕವರಿದ್ದಾಗ ಈ ಕಾಯಿಲೆಗೆ ಹೆಸರೇ ಇರಲಿಲ್ಲ, ಪಿಟಿಎಸ್‌ಡಿ ಅನ್ನುವ ಹೆಸರು ವೈದ್ಯರ ಪಟ್ಟಿಗೆ ಸೇರಿದ್ದು 1980ರಲ್ಲಿ. ನಮ್ಮ ಕಾಲದಲ್ಲಿ ಯಾರಿಗೂ ಏನೂ ಆಗಲಿಲ್ಲ ಅನ್ನುತ್ತೇವಲ್ಲ, ಯಾರೂ ಕೇಳಿರಲಿಲ್ಲ ಸರ್.

ಇಬ್ಬರು ಮಕ್ಕಳ ಅಪ್ಪ:

ಇದು ನನಗೆ ಗೊತ್ತಿರಲಿಲ್ಲ ಮೇಷ್ಟ್ರೇ. ಹಾಗಾದರೆ ಕೂರಿಸಿ ಕೇಳದೆ, ಮಗಳು ಚೆನ್ನಾಗಿದ್ದಾಳೋ ಇಲ್ಲವೋ ಅಂತ ನಾನು ತಿಳಿಯುವುದು ಹೇಗೆ?

ಶಾಲಾ ಕೌನ್ಸೆಲರ್:

ಬದಲಾವಣೆ ನೋಡಿ ಸರ್. ನಿದ್ದೆ, ಊಟ, ಗೆಳೆಯರು, ಓದು, ಆಟ ಇವು ಮೊದಲಿನ ಹಾಗೇ ಇದ್ದರೆ ನಿಶ್ಚಿಂತೆಯಾಗಿರಿ. ಚಿಕ್ಕ ಮಕ್ಕಳು ಬಾಯಲ್ಲಿ ಹೇಳುವುದಿಲ್ಲ, ಮೈ ಹೇಳುತ್ತದೆ. ಹೊಟ್ಟೆನೋವು, ತಲೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ಅಮ್ಮನನ್ನು ಬಿಟ್ಟಿರಲಾರದೆ ಇರುವುದು, ಅದೇ ಘಟನೆಯನ್ನು ಮತ್ತೆ ಮತ್ತೆ ಆಟ ಮಾಡಿ ಆಡುವುದು. ದೊಡ್ಡ ಮಕ್ಕಳಲ್ಲಿ ಸಿಟ್ಟು, ಒಂಟಿಯಾಗಿರುವುದು, ಏನಾದರೇನು ಅನ್ನುವ ಧೋರಣೆ. ಒಂದು ತಿಂಗಳು ದಾಟಿಯೂ ಇದು ಇಳಿಯದಿದ್ದರೆ ತೋರಿಸಿ. ಅವಳಾಗಿಯೇ ಆ ಮಾತು ತೆಗೆದರೆ ವಿಷಯ ಬದಲಾಯಿಸಬೇಡಿ, ಅಷ್ಟು ಸಾಕು.

ಅಂಥ ಶಾಲೆಯಲ್ಲಿ ಓದಿದವಳು:

ನಾನು ಈಗ ಡಿಗ್ರಿ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ನಮ್ಮ ಶಾಲೆಯ ಗೋಡೆ ಕುಸಿದು ನನ್ನ ಗೆಳತಿ ಹೋದಳು. ನನಗೆ ಯಾವುದು ಸಹಾಯವಾಯಿತು, ಯಾವುದು ಆಗಲಿಲ್ಲ ಅಂತ ಹೇಳಿದರೆ ಟೀಚರಿಗೆ ಉಪಯೋಗವಾಗಬಹುದು.

ಆಗದೆ ಇದ್ದಿದ್ದು, ಅಸೆಂಬ್ಲಿಯಲ್ಲಿ ಪದೇ ಪದೇ ಮೌನಾಚರಣೆ. ಕ್ಯಾಮೆರಾ ಹಿಡಿದು ಬಂದವರನ್ನು ಒಳಗೆ ಬಿಟ್ಟಿದ್ದು. ನೀವೆಲ್ಲ ಗಟ್ಟಿ ಮಕ್ಕಳು ಅಂತ ಹೇಳಿದ್ದು, ಅದನ್ನು ಕೇಳಿದ ಮೇಲೆ ಅಳುವುದೇ ತಪ್ಪೇನೋ ಅನ್ನಿಸಿತು. ಹೇಳದೆ ಕೇಳದೆ ಸೈರನ್ ಹಾಕಿ ಮಾಡಿದ ಅಣಕು ಡ್ರಿಲ್. ಅವತ್ತು ನಾನು ಬೆಂಚಿನ ಕೆಳಗೆ ಕೂತವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಡ್ರಿಲ್ ಬೇಡ ಅಂತಲ್ಲ. ಮೊದಲೇ ಹೇಳಿ, ಸೈರನ್ ಇಲ್ಲದೆ ಸುಮ್ನೆ ದಾರಿ ತೋರಿಸಿ ನಡೆಸಿದ್ದರೆ ಆಗುತ್ತಿತ್ತು.

ಆಗಿದ್ದು, ಗಣಿತದ ಟೀಚರ್ ಕೊಟ್ಟ ಒಂದು ಹಳದಿ ಕಾರ್ಡು. ಮೈ ನಡುಗಲು ಶುರುವಾದರೆ ಅದನ್ನು ಟೇಬಲ್ ಮೇಲಿಟ್ಟು ಹೊರಗೆ ಹೋಗಬಹುದಿತ್ತು, ಕೈ ಎತ್ತಿ ಕಾರಣ ಹೇಳಬೇಕಾಗಿರಲಿಲ್ಲ. ಲೈಬ್ರರಿಯಲ್ಲಿ ಕೂತು ಬರಬಹುದಿತ್ತು, ಪೀರಿಯಡ್ ಮುಗಿಯುವುದರೊಳಗೆ ವಾಪಸ್ ಬರಬೇಕು ಅನ್ನುವುದೊಂದೇ ಷರತ್ತು. ಕಾರ್ಡು ಇದೆ ಅನ್ನುವ ಧೈರ್ಯಕ್ಕೇ ಎಷ್ಟೋ ದಿನ ಅದನ್ನು ಬಳಸಲೇ ಇಲ್ಲ. ಇನ್ನೊಂದು, ವರ್ಷ ತುಂಬುವ ವಾರ ಯಾವ ಪರೀಕ್ಷೆಯನ್ನೂ ಇಡಲಿಲ್ಲ. ಅದನ್ನು ಯಾರು ಯೋಚಿಸಿದರೋ ಗೊತ್ತಿಲ್ಲ, ಅವರಿಗೆ ಈಗಲೂ ಕೈ ಮುಗಿಯುತ್ತೇನೆ.

ಎಂಟನೇ ಕ್ಲಾಸಿನ ಟೀಚರ್:

ಕಾರ್ಡು ನಾಳೆಯೇ ಮಾಡುತ್ತೇನೆ ಕಂದಾ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಕೌನ್ಸೆಲರ್ ಮೇಡಂ, ಎರಡು ಪ್ರಶ್ನೆ. ತಜ್ಞರ ಹತ್ತಿರ ಕರೆದುಕೊಂಡು ಹೋಗಿ ಅಂತ ಮೂವರು ಪೋಷಕರಿಗೆ ಹೇಳಿದೆ, ಒಬ್ಬರೂ ಹೋಗಲಿಲ್ಲ. ಅವರನ್ನು ಬೈಯುವ ಹಾಗೂ ಇಲ್ಲ, ಕೆಲಸ ಬಿಟ್ಟು ಹೋಗಬೇಕು, ಜನ ನೋಡುತ್ತಾರೆ ಅನ್ನುವ ಭಯ ಬೇರೆ. ಎರಡನೆಯದು, ಆರು ತಿಂಗಳಾದ ಮೇಲೆ ಶುರು ಮಾಡಿದರೆ ಪ್ರಯೋಜನ ಇದೆಯಾ, ತಡವಾಗಿ ಹೋಯಿತಾ?

ಶಾಲಾ ಕೌನ್ಸೆಲರ್:

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಅಮೆರಿಕದ ನ್ಯೂ ಓರ್ಲಿಯನ್ಸಿನಲ್ಲಿ 2005ರಲ್ಲಿ ಕತ್ರಿನಾ ಚಂಡಮಾರುತ ಬಂತಲ್ಲ, ಅದಾಗಿ 15 ತಿಂಗಳ ಮೇಲೆ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಿದರು. ತೊಂದರೆ ಇನ್ನೂ ಇದ್ದ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಶಾಲೆಯಲ್ಲೇ ಗುಂಪು ಚಿಕಿತ್ಸೆ, ಉಳಿದವರಿಗೆ ಹೊರಗಿನ ಕ್ಲಿನಿಕ್ಕಿನಲ್ಲಿ ಚಿಕಿತ್ಸೆ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. ಶಾಲೆಯದ್ದನ್ನು ಬಹುತೇಕ ಎಲ್ಲ ಮಕ್ಕಳೂ ಶುರು ಮಾಡಿದರು. ಕ್ಲಿನಿಕ್ಕಿನದ್ದನ್ನು ಶುರು ಮಾಡಿದವರು ಅರ್ಧಕ್ಕಿಂತ ಕಡಿಮೆ, ಮುಗಿಸಿದವರು ಬೆರಳೆಣಿಕೆ. ಎರಡೂ ಕಡೆ ಮಕ್ಕಳ ಲಕ್ಷಣ ಇಳಿಯಿತು. ಅಂದರೆ 15 ತಿಂಗಳಾದರೂ ತಡವಲ್ಲ, ಮತ್ತು ನೆರವು ಮಗು ಇರುವಲ್ಲಿಗೇ ಬರಬೇಕು.

ಶಾಲೆಯಲ್ಲಿ ನಡೆಸಿದ್ದಕ್ಕೆ ಸಿಬಿಟ್ಸ್ ಅನ್ನುತ್ತಾರೆ. ಹತ್ತು ಗುಂಪು ಸೆಷನ್, ಒಂದರಿಂದ ಮೂರು ಸೆಷನ್ ಮಗುವಿನ ಜೊತೆ ಒಬ್ಬೊಬ್ಬರಾಗಿ, ಪೋಷಕರ ಜೊತೆ ಮತ್ತು ಟೀಚರ್‌ಗಳ ಜೊತೆ ಬೇರೆ. ಮೈ ಸಡಿಲಿಸುವುದು, ಬೆದರಿಸುವ ಯೋಚನೆಯನ್ನು ಪರೀಕ್ಷಿಸುವುದು, ದೂರವಿಟ್ಟಿದ್ದರ ಹತ್ತಿರ ಸ್ವಲ್ಪ ಸ್ವಲ್ಪವೇ ಹೋಗುವುದು, ಸರಿಯಾದ ಹೊತ್ತಿಗೆ ಸುರಕ್ಷಿತವಾಗಿ ಆ ಕಥೆಯನ್ನು ಹೇಳುವುದು, ಇದನ್ನೆಲ್ಲ ಕಲಿಸುತ್ತಾರೆ. ತರಬೇತಿ ಪಡೆದ ಮಾನಸಿಕ ಆರೋಗ್ಯ ಸಿಬ್ಬಂದಿಯೇ ನಡೆಸಬೇಕು. ಟೀಚರ್ ಮೇಲೆ ಇದನ್ನು ಹೊರಿಸುವುದು ತಪ್ಪು. ಟೀಚರ್ ಗುರುತಿಸಬೇಕು, ಜೊತೆಗಿರಬೇಕು, ಅವರ ಹತ್ತಿರ ಇದಕ್ಕಿಂತ ಜಾಸ್ತಿ ಕೇಳಬಾರದು.

ಒಬ್ಬ ತಾಯಿ:

ಸಾವು ಆತ್ಮಹತ್ಯೆಯಾಗಿದ್ದರೆ ಇದೇ ಕ್ರಮವಾ? ಪರಿಚಯದವರ ಶಾಲೆಯಲ್ಲಿ ಹಾಗಾಗಿದೆ, ಅವರಿಗೆ ಏನು ಹೇಳಲಿ?

ಶಾಲಾ ಕೌನ್ಸೆಲರ್:

ಹೆಚ್ಚಿನದೆಲ್ಲ ಇದೇ, ಒಂದಷ್ಟು ಎಚ್ಚರ ಜಾಸ್ತಿ ಬೇಕು. ಹೇಗಾಯಿತು ಅನ್ನುವ ವಿವರ ಹೇಳಬಾರದು. ದೊಡ್ಡ ಸಭೆ ಸೇರಿಸದೆ, ಕ್ಲಾಸು ಕ್ಲಾಸಾಗಿ ಮಕ್ಕಳಿಗೆ ಪರಿಚಯದ ಟೀಚರೇ ಹೇಳಬೇಕು. ಒಂದೇ ಒಂದು ಕಾರಣಕ್ಕೆ ಹೀಗಾಯಿತು ಅಂತ ಯಾರ ಮೇಲೂ ಹೊರಿಸಬಾರದು. ಅಪಘಾತದಲ್ಲಿ ಹೋದ ಮಗುವನ್ನು ಹೇಗೆ ನೆನೆಯುತ್ತೀರೋ ಈ ಮಗುವನ್ನೂ ಹಾಗೇ ನೆನೆಯಬೇಕು, ಮುಚ್ಚಿಡುವುದೂ ಬೇಡ, ವೈಭವವೂ ಬೇಡ. ಹತ್ತಿರದ ಗೆಳೆಯರನ್ನೂ, ಮೊದಲೇ ಕುಗ್ಗಿದ್ದ ಮಕ್ಕಳನ್ನೂ ಒಬ್ಬೊಬ್ಬರಾಗಿ ವಿಚಾರಿಸಬೇಕು. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದ ಹಾಗಾಗುವುದಿಲ್ಲ, ಕೇಳಬಹುದು, ಕೇಳಬೇಕು. ಹೌದು ಅಂದರೆ ಆ ಮಗುವನ್ನು ಒಂಟಿಯಾಗಿ ಬಿಡದೆ ಅವತ್ತೇ ವೈದ್ಯರ ನೆರವು ಕೊಡಿಸಬೇಕು.

ನಿವೃತ್ತ ಎಚ್‌ಎಂ:

ಟೀಚರಮ್ಮಾ, ನಿಮ್ಮನ್ನು ಒಂದು ಕೇಳಬೇಕಿತ್ತು. ಆ ಹುಡುಗಿ ನಿಮ್ಮ ಕ್ಲಾಸಿನವಳು ಅಂದಿರಿ. ನಿಮ್ಮನ್ನು ಯಾರಾದರೂ ವಿಚಾರಿಸಿದರಾ?

ಎಂಟನೇ ಕ್ಲಾಸಿನ ಟೀಚರ್:

ಇಲ್ಲ ಸರ್. ಬಂದವರೆಲ್ಲ ಮಕ್ಕಳನ್ನು ನೋಡಿದರು. ಅವಳ ಕೊನೆಯ ಟೆಸ್ಟ್ ಪೇಪರ್ ನನ್ನ ಹತ್ತಿರವೇ ಇದೆ, ತಿದ್ದಿ ಮುಗಿಸಿದ್ದೇನೆ, ಯಾರಿಗೆ ಕೊಡಬೇಕು ಗೊತ್ತಾಗುತ್ತಿಲ್ಲ. ಅವತ್ತು ಆಸ್ಪತ್ರೆಯಲ್ಲಿ ಮಕ್ಕಳ ಗುರುತು ಹೇಳಲು ಹೋಗಿದ್ದ ನಮ್ಮ ಸಹಾಯಕಿ ಈಗ ಆಸ್ಪತ್ರೆ ಇರುವ ರಸ್ತೆಯಲ್ಲೇ ಓಡಾಡುವುದಿಲ್ಲ. ಇನ್ನೊಬ್ಬರು ಬಸ್ ಡ್ಯೂಟಿ ಬೇಡ ಅಂತ ವರ್ಗಾವಣೆ ಕೇಳುತ್ತಿದ್ದಾರೆ.

ನಿವೃತ್ತ ಎಚ್‌ಎಂ:

ಆ ಪೇಪರ್ ಅವಳ ಅಪ್ಪ ಅಮ್ಮನಿಗೆ ಸೇರಿದ್ದು. ಮೊದಲು ಫೋನ್ ಮಾಡಿ ಬೇಕಾ ಅಂತ ಕೇಳಿ, ಬೇಕು ಅಂದರೆ ನೀವೇ ಹೋಗಿ ಕೊಡಿ, ಒಬ್ಬರೇ ಹೋಗಬೇಡಿ. ಮೀಟಿಂಗಿನಲ್ಲಿ ಸಿಬ್ಬಂದಿಯ ಮಾತನ್ನು ಮೊದಲು ಎತ್ತಿ. ನಡುಗುತ್ತಿರುವ ಟೀಚರನ್ನು ನೋಡಿ ಮಗು ಧೈರ್ಯ ತಂದುಕೊಳ್ಳುವುದು ಹೇಗೆ? ಡ್ರೈವರ್, ಸಹಾಯಕಿ, ವಾಚ್‌ಮನ್ ಅವರನ್ನೂ ಸೇರಿಸಿ. ಬಸ್ ಡ್ಯೂಟಿಯನ್ನು ಇಬ್ಬಿಬ್ಬರಿಗೆ ಹಾಕಿದರೆ ವರ್ಗಾವಣೆ ಕೇಳುವವರು ನಿಲ್ಲಬಹುದು. ಬೇಡವೇ ಬೇಡ ಅನ್ನುವವರನ್ನು ಸದ್ಯಕ್ಕೆ ಬಿಡಿಸಿ.

ಇನ್ನೊಂದು ಮಾತು. ಜೂನ್‌ನಲ್ಲೋ ಯಾವಾಗಲೋ ನಿಮ್ಮ ಮಕ್ಕಳು ಒಂಬತ್ತಕ್ಕೆ ಹೋಗುತ್ತಾರೆ. ಅಲ್ಲಿನ ಟೀಚರಿಗೆ ಯಾವ ಮಗು ಬಸ್ಸಿನಲ್ಲಿತ್ತು, ಯಾರ ಅಣ್ಣ ಹೋದ, ಯಾರಿಗೆ ಕಾರ್ಡು ಬೇಕು ಅಂತ ಗೊತ್ತಿರುವುದಿಲ್ಲ. ಹೊಡೆದಾಡುವ ಹುಡುಗನನ್ನು ಮೊದಲ ದಿನವೇ ಹೊರಗೆ ನಿಲ್ಲಿಸುತ್ತಾರೆ. ಪೋಷಕರನ್ನು ಕೇಳಿ, ಎಷ್ಟು ಬೇಕೋ ಅಷ್ಟನ್ನೇ ಅವರಿಗೆ ಮುಟ್ಟಿಸಿ.

ಎಂಟನೇ ಕ್ಲಾಸಿನ ಟೀಚರ್:

ಎಲ್ಲ ಬರೆದುಕೊಂಡೆ. ಮೀಟಿಂಗಿನಲ್ಲಿ ಕೇಳುವುದು ಇಷ್ಟು. ವಾರಕ್ಕೊಮ್ಮೆ ಶಾಲೆಗೇ ಬರುವ ಒಬ್ಬರು ಕೌನ್ಸೆಲರ್, ಮುಂದಿನ ವರ್ಷದ ಕೊನೆಯವರೆಗೆ, ಬರುವವರು ಬದಲಾಗದೆ ಅವರೇ ಬರಬೇಕು. ಬಸ್ಸಿನಲ್ಲಿದ್ದ ಮಕ್ಕಳನ್ನು ಮತ್ತು ನಾವು ಗುರುತಿಸಿದವರನ್ನು ಪೋಷಕರ ಒಪ್ಪಿಗೆ ಪಡೆದು ಈಗಲೇ ಪರೀಕ್ಷಿಸಬೇಕು. ಕ್ಲಾಸಿನ ಬಾಗಿಲಲ್ಲಿ ಬಂದು ಯಾರ ಹೆಸರನ್ನೂ ಕರೆಯಬಾರದು. ಸಿಬ್ಬಂದಿಗೆ ಬೇರೆಯದೇ ಒಂದು ವ್ಯವಸ್ಥೆ. ವರ್ಷ ತುಂಬುವ ವಾರಕ್ಕೆ ಪರೀಕ್ಷೆ ಬೇಡ. ಪರೀಕ್ಷೆ ಹತ್ತಿರ ಬಂತು ಅಂತ ಮತ್ತೆ ಹೇಳಿದರೆ ಆ ಖಾಲಿ ಪೇಪರನ್ನೇ ಟೇಬಲ್ ಮೇಲಿಡುತ್ತೇನೆ. ಆಫೀಸಿನ ಕಂಪ್ಯೂಟರಿನಲ್ಲಿ ಆ ಇಬ್ಬರ ಹೆಸರು ಇನ್ನೂ ಎಲ್ಲೆಲ್ಲಿದೆ ಅಂತ ನಾಳೆ ಬೆಳಿಗ್ಗೆ ಕ್ಲರ್ಕ್ ಜೊತೆ ಕೂತು ನೋಡುತ್ತೇನೆ.